ಜೆಕ್ವೆರಿ ಐಎಂಇ: ಜಾಲಪುಟದೊಳಗಿನ ಕನ್ನಡ ಕೀಲಿಮಣೆ, ಬಳಕೆ ಹೇಗೆ, ಕೊಡುಗೆ ಹೇಗೆ?

ಮೂಡುಬಿದಿರೆ: ಒಂದು ಕಾಲದಲ್ಲಿ ಚೌಟ ಅರಸರ ರಾಜಧಾನಿಯಾಗಿದ್ದ ಪುತ್ತಿಗೆಯ ಹೆಸರನ್ನು ಕನ್ನಡದಲ್ಲಿ ಬರೆದರೆ ಮೂರೇ ಅಕ್ಷರ. ಗಣಕಯಂತ್ರಕ್ಕೆ ಮಾತ್ರ ಅದು ಎಂಟು ಸಂಕೇತಗಳ ಸಾಲು. ಪಕಾರ, ಉಕಾರದ ಕೊಂಬು, ತಕಾರ, ವಿರಾಮ ಚಿಹ್ನೆ, ಮತ್ತೊಂದು ತಕಾರ, ಇಕಾರದ ಗುಡಿಸು, ಗಕಾರ, ಕೊನೆಯಲ್ಲಿ ಎಕಾರದ ಎತ್ವ. ಇಂಗ್ಲಿಷ್ ಅಕ್ಷರಗಳನ್ನು ಅಚ್ಚೊತ್ತಿದ ಕೀಲಿಮಣೆಯಿಂದ ಈ ಎಂಟು ಸಂಕೇತಗಳನ್ನು ಜಾಲಪುಟದ ಚೌಕದೊಳಗೆ ಸರಿಯಾದ ಕ್ರಮದಲ್ಲಿ ಇಳಿಸುವುದು ಹೇಗೆ? ಯಾವ ತಂತ್ರಾಂಶವನ್ನೂ ಗಣಕದಲ್ಲಿ ಪ್ರತ್ಯೇಕವಾಗಿ ಅಳವಡಿಸಿಕೊಳ್ಳದೆ ಇದನ್ನು ಮಾಡಿಕೊಡುವ ಮುಕ್ತ ತಂತ್ರಾಂಶವೊಂದಿದೆ. ಅದರ ಹೆಸರು ಜೆಕ್ವೆರಿ ಐಎಂಇ.

ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯುವವರಲ್ಲಿ ಅನೇಕರು ಇದನ್ನು ಹೆಸರು ಅರಿಯದೆಯೇ ಬಳಸುತ್ತಿದ್ದಾರೆ. ಇದರ ಆಕರ ಸಂಕೇತ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದುಪಡಿಯನ್ನು ಮೂಲಕ್ಕೆ ಸೇರಿಸುವಂತೆ ಕೋರಬಹುದು. ಪುತ್ತಿಗೆಯಲ್ಲಿ ಆಳ್ವಾಸ್ ವಿದ್ಯಾಸಂಸ್ಥೆಗಳ ಆವರಣ, ಸಮೀಪದ ಮಿಜಾರಿನಲ್ಲಿ ಎರಡು ಎಂಜಿನಿಯರಿಂಗ್ ಕಾಲೇಜುಗಳು ಇರುವ ಈ ಭಾಗದಲ್ಲಿ ಸಂಕೇತ ಬರೆಯಬಲ್ಲ ವಿದ್ಯಾರ್ಥಿಗಳಿಗೆ ಬರವಿಲ್ಲ. ಕನ್ನಡ, ತುಳು ಎರಡೂ ಬಲ್ಲವರಿಗಂತೂ ಕೊರತೆಯೇ ಇಲ್ಲ. ಈ ಎರಡು ಅರಿವೂ ಒಬ್ಬರಲ್ಲೇ ಕೂಡಿದ್ದರೆ ಏನು ಮಾಡಬಹುದು ಎಂಬುದರ ವಿವರ ಇಲ್ಲಿದೆ.

ಏನಿದು ‘ಲೈಬ್ರರಿ’?

ಜಾಲತಾಣಕ್ಕೆ ಎರಡು ಮುಖಗಳು. ಮಾಹಿತಿಯನ್ನು ಕೂಡಿಟ್ಟು ಕಳುಹಿಸಿಕೊಡುವ ಸರ್ವರ್ ಒಂದು ಮುಖವಾದರೆ, ಓದುಗರ ಬ್ರೌಸರ್‌ನಲ್ಲಿ ಕಾಣುವ, ಬೆರಳಿಗೆ ಸ್ಪಂದಿಸುವ ಭಾಗ ಇನ್ನೊಂದು. ಈ ಎರಡನೆಯದನ್ನು ಫ್ರಂಟ್ ಎಂಡ್ ಎನ್ನುತ್ತಾರೆ. ಇಲ್ಲಿ ನಡೆಯುವ ಕೆಲಸಕ್ಕೆ ಜಾವಾಸ್ಕ್ರಿಪ್ಟ್ ಭಾಷೆ ಬೇಕು. ಪದೇ ಪದೇ ಬೇಕಾಗುವ ಕೆಲಸಗಳನ್ನು ಒಮ್ಮೆ ಚೆನ್ನಾಗಿ ಬರೆದು, ಬೇಕಾದವರು ತಮ್ಮ ಪುಟಕ್ಕೆ ಸೇರಿಸಿಕೊಳ್ಳುವಂತೆ ಕಟ್ಟಿಟ್ಟ ಗಂಟೇ ಲೈಬ್ರರಿ.

ಇಂತಹವುಗಳಲ್ಲಿ ಬಹು ಪ್ರಸಿದ್ಧವಾದದ್ದು ಜೆಕ್ವೆರಿ. ಅಮೆರಿಕದ ಜಾನ್ ರೆಸಿಗ್ 2006ರಲ್ಲಿ ಇದನ್ನು ಹೊರತಂದರು. ಆಗ ಒಂದೊಂದು ಬ್ರೌಸರ್ ಒಂದೊಂದು ರೀತಿಯಲ್ಲಿ ವರ್ತಿಸುತ್ತಿತ್ತು. ಆ ಭಿನ್ನತೆಗಳನ್ನೆಲ್ಲ ತನ್ನೊಳಗೆ ಅಡಗಿಸಿಕೊಂಡು ಒಂದೇ ಬಗೆಯ ಆದೇಶಗಳಿಂದ ಕೆಲಸ ಮಾಡಿಸಿದ್ದು ಜೆಕ್ವೆರಿಯ ಹೆಚ್ಚುಗಾರಿಕೆ. ಅದರ ಮೇಲೆ ಕಟ್ಟಿದ ಉಪಕರಣವೇ ಜೆಕ್ವೆರಿ ಐಎಂಇ. ಐಎಂಇ ಎಂದರೆ ಇನ್‌ಪುಟ್ ಮೆಥಡ್ ಎಡಿಟರ್, ಅಂದರೆ ಅಕ್ಷರಗಳನ್ನು ಒಳತರುವ ವಿಧಾನ.

ಹಿನ್ನೆಲೆ

ಕನ್ನಡದಲ್ಲಿ ಟೈಪಿಸುವ ಪ್ರಯತ್ನಗಳ ಚರಿತ್ರೆಗೆ ದಕ್ಷಿಣ ಕನ್ನಡ ಜಿಲ್ಲೆಯ ನಂಟು ಹಳೆಯದು. ಮಂಗಳೂರು ಬಳಿಯ ಕಿನ್ನಿಕಂಬಳ ಮೂಲದ ಪ್ರೊ. ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ತಾವು ಸಿದ್ಧಪಡಿಸಿದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ‘ಸೇಡಿಯಾಪು’ ಎಂದು ಕರೆದು ಉಚಿತವಾಗಿ ಹಂಚಿದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದ ಮೂಲಕ ಇದೇ ವಿನ್ಯಾಸ ಸರಕಾರಿ ಕಚೇರಿಗಳನ್ನೂ ಶಾಲೆಗಳನ್ನೂ ತಲುಪಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಾಗ ಇಂಗ್ಲಿಷ್ ಕಾಗುಣಿತದಲ್ಲಿ ಟೈಪಿಸಿ ಕನ್ನಡ ಪಡೆಯುವ ಹಾದಿ ಮನೆಮಾತಾಯಿತು.

ಆದರೆ ಇವೆಲ್ಲ ಗಣಕದಲ್ಲಿ ಮೊದಲೇ ಅಳವಡಿಸಿಕೊಳ್ಳಬೇಕಾದ ತಂತ್ರಾಂಶಗಳು. ಸೈಬರ್ ಕೆಫೆಯಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಕುಳಿತವರಿಗೆ ಹೊಸ ತಂತ್ರಾಂಶ ಅಳವಡಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಜಾಲಪುಟವೇ ತನ್ನ ಕೀಲಿಮಣೆಯನ್ನು ತಾನೇ ಹೊತ್ತು ತಂದರೆ ಆ ತೊಡಕು ಇಲ್ಲ.

ಈ ಆಲೋಚನೆ ವಿಕಿಪೀಡಿಯದಲ್ಲಿ ಮೊದಲಿಗೆ ‘ನಾರಾಯಂ’ ಎಂಬ ಸೇರ್ಪಡೆಯಾಗಿ ಬಂತು. ಕೇರಳದ ವಿಕಿಪೀಡಿಯನ್ನರು ರೂಪಿಸಿದ ಇದಕ್ಕೆ ತಾಳೆಗರಿಯ ಮೇಲೆ ಬರೆಯುವ ಕಬ್ಬಿಣದ ಲೇಖನಿಗೆ ಮಲಯಾಳದಲ್ಲಿರುವ ಹೆಸರನ್ನೇ ಇಡಲಾಗಿತ್ತು. ವಿಕಿಗೆ ಮಾತ್ರ ಸೀಮಿತವಾಗಿದ್ದ ಈ ಸೌಲಭ್ಯವನ್ನು ಯಾವುದೇ ಜಾಲತಾಣ ಬಳಸಿಕೊಳ್ಳುವಂತೆ ಬಿಡಿಸಿ ಬರೆಯುವ ಕೆಲಸವನ್ನು ವಿಕಿಮೀಡಿಯ ಪ್ರತಿಷ್ಠಾನದ ಭಾಷಾ ತಂತ್ರಜ್ಞಾನ ತಂಡ 2012ರಲ್ಲಿ ಕೈಗೊಂಡಿತು. ‘ಮಿಲ್ಕ್‌ಶೇಕ್’ ಎಂಬ ಯೋಜನೆಯಡಿ ನಾಲ್ಕು ಲೈಬ್ರರಿಗಳು ಸಿದ್ಧವಾದವು. ಟೈಪಿಸಲು ಜೆಕ್ವೆರಿ ಐಎಂಇ, ಅಕ್ಷರಶೈಲಿ ಒದಗಿಸಲು ಜೆಕ್ವೆರಿ ವೆಬ್‌ಫಾಂಟ್ಸ್, ಪುಟದ ಸೂಚನೆಗಳನ್ನು ಅನುವಾದಿಸಿ ತೋರಿಸಲು ಜೆಕ್ವೆರಿ ಐ18ಎನ್, ಭಾಷೆ ಆಯ್ದುಕೊಳ್ಳಲು ಜೆಕ್ವೆರಿ ಯುಎಲ್ಎಸ್. 2013ರಿಂದೀಚೆಗೆ ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಗಳಲ್ಲಿ ನಾರಾಯಂನ ಸ್ಥಾನವನ್ನು ಇವು ತುಂಬಿವೆ.

ಬಳಸುವ ಕ್ರಮ

ಜಾಲತಾಣ ನಡೆಸುವವರು ಮೊದಲು ಜೆಕ್ವೆರಿಯನ್ನೂ ಅನಂತರ ಜೆಕ್ವೆರಿ ಐಎಂಇಯನ್ನೂ ತಮ್ಮ ಪುಟಕ್ಕೆ ಜೋಡಿಸಬೇಕು. ಬರೆಯುವ ಚೌಕವನ್ನು ಗುರುತಿಸಿ ‘ಐಎಂಇ’ ಎಂಬ ಆದೇಶವನ್ನು ಒಂದು ಸಾಲಿನಲ್ಲಿ ಕೊಟ್ಟರೆ ಆ ಚೌಕ ಕನ್ನಡಕ್ಕೆ ಸಿದ್ಧ. ಎಲ್ಲ ಭಾಷೆಗಳ ಕೀಲಿಮಣೆಗಳೂ ಒಮ್ಮೆಲೇ ಇಳಿದು ಪುಟ ಭಾರವಾಗುವುದಿಲ್ಲ. ಬಳಕೆದಾರರು ಯಾವುದನ್ನು ಆರಿಸುತ್ತಾರೋ ಆ ಒಂದು ನಿಯಮ ಕಡತ ಮಾತ್ರ ಆಗ ಬಂದು ಸೇರುತ್ತದೆ. ಆದ್ದರಿಂದ ನಿಯಮ ಕಡತಗಳನ್ನು ಇಟ್ಟಿರುವ ಜಾಗದ ವಿಳಾಸವನ್ನು ಲೈಬ್ರರಿಗೆ ಸರಿಯಾಗಿ ತಿಳಿಸಿರಬೇಕು. ಹೊಸಬರ ಪುಟದಲ್ಲಿ ಪಟ್ಟಿ ಕಂಡರೂ ಕನ್ನಡ ಮೂಡದಿದ್ದರೆ ಮೊದಲು ಪರಿಶೀಲಿಸಬೇಕಾದದ್ದು ಈ ವಿಳಾಸವನ್ನು.

ಬರೆಯುವವರ ಕೆಲಸ ಇನ್ನೂ ಸುಲಭ. ಚೌಕದೊಳಗೆ ಕ್ಲಿಕ್ಕಿಸಿದಾಗ ಅದರ ಅಂಚಿನಲ್ಲಿ ಕೀಲಿಮಣೆಯ ಚಿಕ್ಕ ಗುರುತು ಕಾಣಿಸುತ್ತದೆ. ಅದರಿಂದ ಭಾಷೆಯನ್ನೂ ವಿಧಾನವನ್ನೂ ಆರಿಸಿಕೊಳ್ಳಬಹುದು. ನಡುವೆ ಇಂಗ್ಲಿಷ್ ಬೇಕಾದರೆ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಮತ್ತೆ ಒತ್ತಿದರೆ ಕನ್ನಡ.

ಕನ್ನಡಕ್ಕೆ ಮುಖ್ಯವಾಗಿ ಮೂರು ಬಗೆಯ ವಿಧಾನಗಳಿವೆ.

ಒಂದು, ಲಿಪ್ಯಂತರ. ಇದರಲ್ಲಿ ಪುತ್ತಿಗೆ ಎಂದು ಪಡೆಯಲು ಪಿ, ಯು, ಟಿ, ಟಿ, ಐ, ಜಿ, ಇ ಎಂಬ ಏಳು ಕೀಲಿಗಳು.

ಎರಡು, ಕೆಜಿಪಿ ಅಥವಾ ಕೆ.ಪಿ. ರಾವ್ ವಿನ್ಯಾಸ. ‘ನುಡಿ’ಯಲ್ಲಿ ಪಳಗಿದವರಿಗೆ ಇದು ಕೈವಶ. ಇದರಲ್ಲಿ ಒತ್ತಕ್ಷರ ಮಾಡಲು ನಡುವೆ ಎಫ್ ಕೀಲಿ ಒತ್ತಬೇಕು. ಪಿ, ಯು, ಟಿ, ಎಫ್, ಟಿ, ಐ, ಜಿ, ಇ, ಒಟ್ಟು ಎಂಟು ಕೀಲಿಗಳು. ಒಂದು ಕೀಲಿಗೆ ಒಂದು ಸಂಕೇತ ಎಂಬ ಲೆಕ್ಕ ಇಲ್ಲಿ ಚೊಕ್ಕವಾಗಿ ಕೂಡಿಬರುತ್ತದೆ.

ಮೂರು, ಇನ್‌ಸ್ಕ್ರಿಪ್ಟ್. ಭಾರತದ ಎಲ್ಲ ಪ್ರಮುಖ ಲಿಪಿಗಳಿಗೂ ಒಂದೇ ಬಗೆಯ ಕೀಲಿ ಹಂಚಿಕೆ ಇರಬೇಕೆಂಬ ಉದ್ದೇಶದಿಂದ ರೂಪಿಸಿ, 1991ರ ಭಾರತೀಯ ಮಾನಕ ಐಎಸ್ 13194ರಲ್ಲಿ ಸೇರಿಸಿದ ವಿನ್ಯಾಸವಿದು.

ನಿಯಮ ಕಡತದ ಒಳಗೇನಿದೆ?

ಕೊಡುಗೆ ನೀಡಬಯಸುವವರು ಮೊದಲು ತೆರೆದು ಓದಬೇಕಾದದ್ದು ನಿಯಮ ಕಡತವನ್ನು. ಪ್ರತಿ ಭಾಷೆಗೂ ಒಂದು ಕೋಶ. ಕನ್ನಡದ್ದಕ್ಕೆ ‘ಕೆಎನ್’ ಎಂಬ ಭಾಷಾ ಸಂಕೇತವೇ ಹೆಸರು. ಅದರೊಳಗೆ ವಿಧಾನಕ್ಕೊಂದು ಕಡತ. ಕಡತದ ಆರಂಭದಲ್ಲಿ ವಿಧಾನದ ಹೆಸರು, ವಿವರಣೆ, ದಿನಾಂಕ, ಬರೆದವರು, ಪರವಾನಗಿ, ಆವೃತ್ತಿ ಇರುತ್ತವೆ. ಬಳಿಕ ಬರುವುದೇ ನಿಯಮಗಳ ಪಟ್ಟಿ.

ಒಂದು ನಿಯಮ ಎಂದರೆ ‘ಇದು ಕಂಡರೆ ಅದನ್ನು ಇಡು’ ಎಂಬ ಜೋಡಿ. ಲಿಪ್ಯಂತರದಲ್ಲಿ ಪಿ ಒತ್ತಿದರೆ ‘ಪ್’ ಮೂಡುತ್ತದೆ. ಅನಂತರ ಯು ಒತ್ತಿದಾಗ ಲೈಬ್ರರಿ ಕರ್ಸರಿನ ಹಿಂದಿರುವುದನ್ನು ನೋಡುತ್ತದೆ. ವಿರಾಮ ಚಿಹ್ನೆಯ ಬಳಿಕ ಯು ಬಂದರೆ ಆ ಎರಡನ್ನೂ ತೆಗೆದು ಉಕಾರದ ಕೊಂಬು ಇಡಬೇಕೆಂಬ ನಿಯಮವಿದೆ. ಹಾಗಾಗಿ ‘ಪ್’ ಹೋಗಿ ‘ಪು’ ಆಗುತ್ತದೆ. ಎ ಒತ್ತಿದರೆ ವಿರಾಮ ಚಿಹ್ನೆಯನ್ನು ತೆಗೆದರಷ್ಟೇ ಸಾಕು. ‘ಪ್’ ಇದ್ದದ್ದು ‘ಪ’ ಆಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಪ’ ಮೂಡಿದ ಮೇಲೆ ಎ ಕೀಲಿಯ ಗುರುತು ಚೌಕದಲ್ಲಿ ಎಲ್ಲೂ ಉಳಿದಿರುವುದಿಲ್ಲ. ಮತ್ತೊಮ್ಮೆ ಎ ಒತ್ತಿ ‘ಪಾ’ ಬೇಕೆಂದರೆ ಹಿಂದೆ ಒತ್ತಿದ ಕೀಲಿ ಯಾವುದೆಂಬ ನೆನಪು ಬೇಕು. ಇದಕ್ಕಾಗಿ ಕೆಲವು ನಿಯಮಗಳಲ್ಲಿ ಮೂರು ಅಂಗಗಳಿರುತ್ತವೆ. ಕಾಣುವ ಅಕ್ಷರ, ಹಿಂದೆ ಒತ್ತಿದ ಕೀಲಿಗಳು, ಇಡಬೇಕಾದ ಅಕ್ಷರ. ಎಷ್ಟು ಕೀಲಿಗಳನ್ನು ನೆನಪಿಡಬೇಕು, ಕರ್ಸರಿನ ಹಿಂದೆ ಎಷ್ಟು ಸಂಕೇತಗಳನ್ನು ನೋಡಬೇಕು ಎಂಬ ಎರಡು ಸಂಖ್ಯೆಗಳನ್ನು ಕಡತದಲ್ಲೇ ಹೇಳಬೇಕು. ಈ ಸಂಖ್ಯೆ ಕಡಿಮೆಯಾದರೆ ನಿಯಮ ಸರಿಯಿದ್ದರೂ ಕೆಲಸ ಮಾಡದು.

ನಿಯಮಗಳ ಕ್ರಮವೂ ಮುಖ್ಯ. ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಹುಡುಕುತ್ತ, ಮೊದಲು ಹೊಂದಿದ ನಿಯಮವನ್ನು ಲೈಬ್ರರಿ ಅನ್ವಯಿಸುತ್ತದೆ. ಉದ್ದದ, ನಿರ್ದಿಷ್ಟವಾದ ನಿಯಮ ಮೇಲಿರಬೇಕು. ಸಾಮಾನ್ಯ ನಿಯಮ ಕೆಳಗಿರಬೇಕು. ವ್ಯಾಕರಣ ಕಲಿತವರಿಗೆ ಅಪವಾದ ಮೊದಲು, ಉತ್ಸರ್ಗ ಅನಂತರ ಎಂದರೆ ಬೇಗ ಅರ್ಥವಾದೀತು.

ಕೊಡುಗೆಯ ಹಂತಗಳು

ಲೈಬ್ರರಿಯ ಆಕರ ಸಂಕೇತವನ್ನು ಗಿಟ್‌ಹಬ್‌ನಲ್ಲಿ ವಿಕಿಮೀಡಿಯದ ಖಾತೆಯಡಿ ಇಡಲಾಗಿದೆ. ತಿದ್ದುಪಡಿ ಸೂಚಿಸುವ ಕ್ರಮ ಹೀಗೆ:

1. ತೊಂದರೆಯನ್ನು ಮೊದಲು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ‘ಕನ್ನಡ ಸರಿ ಬರುತ್ತಿಲ್ಲ’ ಎಂಬ ದೂರಿನಿಂದ ಯಾರಿಗೂ ಪ್ರಯೋಜನವಿಲ್ಲ. ಯಾವ ವಿಧಾನದಲ್ಲಿ ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಾಗ ಏನು ಬಂತು, ಏನು ಬರಬೇಕಿತ್ತು ಎಂಬ ನಾಲ್ಕು ಸಂಗತಿಗಳಿರಬೇಕು.

2. ಅದೇ ತೊಂದರೆಯನ್ನು ಬೇರೆಯವರು ಈಗಾಗಲೇ ವರದಿ ಮಾಡಿದ್ದಾರೆಯೇ ಎಂದು ಹುಡುಕಬೇಕು.

3. ಮೂಲದ ಒಂದು ಪ್ರತಿಯನ್ನು ತಮ್ಮ ಖಾತೆಗೆ ತೆಗೆದುಕೊಳ್ಳಬೇಕು. ಇದಕ್ಕೆ ಫೋರ್ಕ್ ಎನ್ನುತ್ತಾರೆ. ಆ ಪ್ರತಿಯಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಕವಲು ತೆರೆಯಬೇಕು.

4. ನಿಯಮ ಕಡತವನ್ನು ತಿದ್ದಬೇಕು. ಹೊಸ ವಿಧಾನವನ್ನೇ ಸೇರಿಸುವುದಾದರೆ ಭಾಷೆಗಳ ಮತ್ತು ವಿಧಾನಗಳ ಪಟ್ಟಿಯಿರುವ ಇನ್ನೊಂದು ಕಡತದಲ್ಲೂ ಅದರ ಹೆಸರು ನೋಂದಾಯಿಸಬೇಕು. ಇದನ್ನು ಮರೆತರೆ ಕಡತ ಇದ್ದೂ ಇಲ್ಲದಂತೆ.

5. ಪರೀಕ್ಷೆ ಬರೆಯಬೇಕು. ಇಂತಿಂಥ ಕೀಲಿಗಳನ್ನು ಒತ್ತಿದರೆ ಇಂಥ ಪದ ಬರಬೇಕು ಎಂಬ ಜೋಡಿಯನ್ನು ಪರೀಕ್ಷಾ ಕಡತಕ್ಕೆ ಸೇರಿಸಬೇಕು. ಪುತ್ತಿಗೆ ಎಂಬ ಪದವೇ ಒಂದು ಒಳ್ಳೆಯ ಪರೀಕ್ಷೆ; ಕೊಂಬು, ಒತ್ತು, ಗುಡಿಸು, ಎತ್ವ ನಾಲ್ಕೂ ಅದರಲ್ಲಿವೆ.

6. ಮಾಡಿದ್ದನ್ನು ಏಕೆ ಮಾಡಲಾಯಿತೆಂಬ ಚಿಕ್ಕ ವಿವರಣೆಯೊಂದಿಗೆ ಮೂಲಕ್ಕೆ ಸೇರಿಸುವಂತೆ ಕೋರಿಕೆ ಸಲ್ಲಿಸಬೇಕು. ಇದೇ ಪುಲ್ ರಿಕ್ವೆಸ್ಟ್. ನಿರ್ವಾಹಕರು ಓದಿ ಪ್ರಶ್ನೆ ಕೇಳುತ್ತಾರೆ, ಬದಲಾವಣೆ ಸೂಚಿಸುತ್ತಾರೆ. ಒಪ್ಪಿಗೆಯಾದ ಮೇಲೆ ಮೂಲದಲ್ಲಿ ಸೇರುತ್ತದೆ.

ಐದನೆಯ ಹಂತವನ್ನು ಅನೇಕರು ಕಡೆಗಣಿಸುತ್ತಾರೆ. ಆದರೆ ಪರಿಶೀಲಿಸುವ ನಿರ್ವಾಹಕರಿಗೆ ಕನ್ನಡ ಬಾರದಿರಬಹುದು. ಕನ್ನಡದ ಒಂದು ನಿಯಮ ಸರಿಯೋ ತಪ್ಪೋ ಎಂದು ಅವರು ಕಣ್ಣಳತೆಯಿಂದ ಹೇಳಲಾರರು. ಅವರ ಪಾಲಿಗೆ ಪರೀಕ್ಷೆಯೇ ಸಾಕ್ಷಿ. ಮುಂದೊಮ್ಮೆ ಬೇರೆ ಯಾರೋ ಬೇರಾವುದೋ ಕಾರಣಕ್ಕೆ ಕಡತವನ್ನು ತಿದ್ದಿ ಕನ್ನಡದ ಒತ್ತಕ್ಷರ ಕೆಟ್ಟರೆ, ಅದನ್ನು ಕೂಡಲೇ ಸಾರಿ ಹೇಳುವುದೂ ಅದೇ ಪರೀಕ್ಷೆ. ಇಲ್ಲಿನ ಒಂದು ತಪ್ಪು ಒಂದು ಪುಟಕ್ಕೆ ಸೀಮಿತವಲ್ಲ. ಆ ವಿಧಾನವನ್ನು ಬಳಸುವ ಎಲ್ಲರ ಬೆರಳ ತುದಿಯಲ್ಲೂ ಅದು ಕಾಣಿಸಿಕೊಳ್ಳುತ್ತದೆ.

ಎಡವುವ ಜಾಗಗಳು

ಕನ್ನಡದಲ್ಲಿ ಟೈಪಿಸುವವರನ್ನು ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಎರಡು ಸಂಕೇತಗಳು. ‘ಸಾಫ್ಟ್‌ವೇರ್’ ಎಂದು ಬರೆಯಲು ಟಕಾರದ ವಿರಾಮದ ಬಳಿಕ ‘ಕೂಡಬೇಡ’ ಎಂದು ಹೇಳುವ ಅಗೋಚರ ಸಂಕೇತ ಬೇಕು. ಅದಿಲ್ಲದಿದ್ದರೆ ವಕಾರವು ಟಕಾರದ ಕೆಳಗೆ ಒತ್ತಾಗಿ ಇಳಿದುಬಿಡುತ್ತದೆ. ‘ರ‍್ಯಾಂಕ್’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗದೆ ಮುಂದೆಯೇ ಪೂರ್ಣರೂಪದಲ್ಲಿ ನಿಲ್ಲಬೇಕಾದರೆ ಮತ್ತೊಂದು ಅಗೋಚರ ಸಂಕೇತ ಬೇಕು. ಇವೆರಡಕ್ಕೂ ವಿನ್ಯಾಸದಲ್ಲಿ ಸುಲಭವಾದ ಜಾಗ ಕೊಡುವುದು, ಕೊಟ್ಟಿರುವುದನ್ನು ಬಳಕೆದಾರರಿಗೆ ತಿಳಿಸಿಹೇಳುವುದು ಎರಡೂ ಕೊಡುಗೆಗಳೇ.

ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಇದರ ಅಗತ್ಯ ಇನ್ನೂ ಹೆಚ್ಚು. ತುಳುವಿನಲ್ಲಿ ಪದದ ಕೊನೆಯ ಅರ್ಧ ಉಕಾರವನ್ನು ವಿರಾಮ ಚಿಹ್ನೆಯಿಂದ ಸೂಚಿಸುವ ರೂಢಿಯಿದೆ. ಅದರ ಮುಂದೆ ಪ್ರತ್ಯಯ ಸೇರಿದಾಗ ಬೇಡದ ಒತ್ತಕ್ಷರ ಮೂಡುತ್ತದೆ. 2016ರ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಅಧಿಕೃತವಾಗಿ ಆರಂಭವಾದ ಮೇಲೆ ತುಳುವಿನಲ್ಲಿ ನಿತ್ಯ ಬರೆಯುವವರ ವಲಯ ಬೆಳೆದಿದೆ. ಅವರ ಅನುಭವವೇ ತಿದ್ದುಪಡಿಗೆ ಆಧಾರವಾಗಬಲ್ಲದು.

ಇನ್ನೊಂದು ಎಚ್ಚರಿಕೆ. ಈ ಲೈಬ್ರರಿ ಬಟನ್ ಕೀಲಿಮಣೆಯ ಗಣಕಗಳಿಗೆ ಹೇಳಿಸಿದ್ದು. ಮೊಬೈಲ್ ಫೋನುಗಳ ಸ್ಪರ್ಶ ಕೀಲಿಮಣೆಗಳು ಪದಗಳನ್ನು ತಾವೇ ಊಹಿಸಿ ಇಡುವುದರಿಂದ ಒತ್ತಿದ ಕೀಲಿ ಯಾವುದೆಂಬ ಮಾಹಿತಿ ಪುಟಕ್ಕೆ ಸರಿಯಾಗಿ ಸಿಗುವುದಿಲ್ಲ. ಫೋನಿನಲ್ಲಿ ಬರೆಯುವವರು ಅದರದೇ ಕನ್ನಡ ಕೀಲಿಮಣೆಯನ್ನು ಬಳಸುವುದು ಉಚಿತ.

ಸಂಕೇತ ಬರೆಯಲು ಬಾರದವರು?

ಕೊಡುಗೆ ಎಂದರೆ ಸಂಕೇತ ಬರೆಯುವುದು ಮಾತ್ರವಲ್ಲ. ತಂತ್ರಾಂಶದ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ನಡೆಯುತ್ತದೆ. ಅಲ್ಲಿ ಬೇಕಾದದ್ದು ಭಾಷೆಯ ಅರಿವು. ಜೆಕ್ವೆರಿ ಐ18ಎನ್ ಏಕವಚನ, ಬಹುವಚನಗಳನ್ನು ಆಯಾ ಭಾಷೆಯ ನಿಯಮದಂತೆ ಆರಿಸಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನ ರೂಪ ಬಳಸಿದರೆ, ಕನ್ನಡಕ್ಕಾಗಿ ಅಂತಾರಾಷ್ಟ್ರೀಯ ಭಾಷಾ ದತ್ತಾಂಶದಲ್ಲಿ ದಾಖಲಾಗಿರುವ ನಿಯಮದ ಪ್ರಕಾರ ಸೊನ್ನೆಯೂ ಒಂದೂ ಒಂದೇ ಗುಂಪಿಗೆ ಸೇರುತ್ತವೆ. ‘0 ಪುಟ’, ‘1 ಪುಟ’, ‘2 ಪುಟಗಳು’. ಅನುವಾದಕರು ಇದನ್ನು ಅರಿತು ಎರಡೂ ರೂಪಗಳನ್ನು ಕೊಟ್ಟರೆ ಮಾತ್ರ ತೆರೆಯ ಮೇಲಿನ ಕನ್ನಡ ಕನ್ನಡದಂತೆ ಕಾಣುತ್ತದೆ. ತಪ್ಪುಗಳನ್ನು ವರದಿ ಮಾಡುವುದು, ಕೀಲಿಗಳ ಪಟ್ಟಿಯನ್ನು ಸಹಾಯ ಪುಟವಾಗಿ ಬರೆಯುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಪರವಾನಗಿ

ಜೆಕ್ವೆರಿ ಐಎಂಇಯನ್ನು ಜಿಪಿಎಲ್ ಎರಡನೆಯ ಆವೃತ್ತಿ ಅಥವಾ ಎಂಐಟಿ ಪರವಾನಗಿಗಳಲ್ಲಿ ಇಷ್ಟವಾದುದನ್ನು ಆರಿಸಿಕೊಂಡು ಬಳಸಬಹುದು. ಎಂಐಟಿ ಪರವಾನಗಿಯ ಪ್ರಕಾರ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡರೆ ವಾಣಿಜ್ಯ ಉದ್ದೇಶಕ್ಕೂ ಅಡ್ಡಿಯಿಲ್ಲ. ಸ್ಥಳೀಯ ಪಂಚಾಯಿತಿ, ಸಹಕಾರಿ ಸಂಘ, ಶಾಲೆ, ಪತ್ರಿಕೆ ಯಾವುದೇ ತಾಣಕ್ಕೆ ಇದನ್ನು ಸೇರಿಸಲು ಶುಲ್ಕವಿಲ್ಲ. ಕೊಡುಗೆ ನೀಡುವವರು ತಮ್ಮ ಬರವಣಿಗೆಯನ್ನೂ ಇದೇ ಷರತ್ತಿನಲ್ಲಿ ಕೊಡುತ್ತಾರೆ. ಬೇರೆ ತಂತ್ರಾಂಶದಿಂದ ನಿಯಮಗಳನ್ನು ನಕಲಿಸಿ ತರುವಂತಿಲ್ಲ; ಆ ತಂತ್ರಾಂಶದ ಪರವಾನಗಿ ಅದಕ್ಕೆ ಒಪ್ಪಬೇಕು.

ಮುಂದಿರುವ ಕೆಲಸ

2024ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಯೂನಿಕೋಡ್ 16.0 ಆವೃತ್ತಿಯಲ್ಲಿ ತುಳು–ತಿಗಳಾರಿ ಲಿಪಿಗೆ 80 ಸಂಕೇತಗಳು ದೊರೆತವು. ಕರಾವಳಿಯ ತಾಳೆಗರಿಗಳಲ್ಲಿ ಬಳಕೆಯಾದ ಲಿಪಿಗೆ ಗಣಕಲೋಕದಲ್ಲಿ ವಿಳಾಸ ಸಿಕ್ಕಂತಾಯಿತು. ಆದರೆ ಸಂಕೇತ ದೊರೆತ ಮಾತ್ರಕ್ಕೆ ಲಿಪಿ ಬಳಕೆಗೆ ಬರುವುದಿಲ್ಲ. ಅಕ್ಷರಶೈಲಿ ಬೇಕು, ಟೈಪಿಸುವ ವಿಧಾನ ಬೇಕು, ಬರೆದದ್ದು ಸರಿಯಿದೆಯೇ ಎಂದು ಹೇಳಬಲ್ಲ ಲಿಪಿಜ್ಞರು ಬೇಕು.

ತಾಂತ್ರಿಕವಾಗಿ ಇಲ್ಲೊಂದು ಹೊಸ ತೊಡಕಿದೆ. ಕನ್ನಡದ ಪ್ರತಿ ಸಂಕೇತವೂ ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಒಂದು ಘಟಕ. ತುಳು–ತಿಗಳಾರಿಯ ಸಂಕೇತಗಳು ಯೂನಿಕೋಡಿನ ಮೇಲಿನ ಸ್ತರದಲ್ಲಿರುವುದರಿಂದ ಒಂದೊಂದೂ ಎರಡು ಘಟಕಗಳಾಗಿ ಎಣಿಕೆಯಾಗುತ್ತವೆ. ಕರ್ಸರಿನ ಹಿಂದೆ ಎಷ್ಟು ನೋಡಬೇಕೆಂಬ ಸಂಖ್ಯೆಯನ್ನು ಕನ್ನಡದ ಕಡತದಿಂದ ಹಾಗೆಯೇ ನಕಲಿಸಿದರೆ ಅಕ್ಷರ ಅರ್ಧಕ್ಕೆ ತುಂಡಾಗುತ್ತದೆ. ನಿಯಮ ಬರೆಯುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ರತಿ ಮಾಡಿಕೊಳ್ಳಲು ಬಿಟ್ಟದ್ದು ಉಳಿಯುತ್ತದೆ ಎಂಬುದಕ್ಕೆ ಮೂಡುಬಿದಿರೆಯಲ್ಲೇ ನಿದರ್ಶನವಿದೆ. ಜೈನ ಸಿದ್ಧಾಂತ ಗ್ರಂಥಗಳಾದ ಧವಲಾ, ಜಯಧವಲಾಗಳ ತಾಳೆಗರಿ ಪ್ರತಿಗಳು ಇಲ್ಲಿನ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ಮೀಸಲಾಗಿದ್ದವು. 19ನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಓದುಗರ ಕೈ ಸೇರಿತು. ಕಾಪಾಡಿದವರಷ್ಟೇ ಪ್ರತಿ ಮಾಡಿದವರೂ ಆ ಗ್ರಂಥಗಳ ಉಳಿವಿಗೆ ಕಾರಣರು.

ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ‘ನುಡಿ’ಯಿಂದ ಜಾಲಪುಟದ ಲೈಬ್ರರಿಯವರೆಗೆ ಬಂದದ್ದು ಅದೇ ರೀತಿಯಲ್ಲಿ. ರೂಪಿಸಿದವರು ಹಂಚಿದರು, ಅನಂತರದವರು ಹೊಸ ತಂತ್ರಕ್ಕೆ ಹೊಂದಿಸಿ ಬರೆದರು. ತುಳು–ತಿಗಳಾರಿಗೆ ಅಂಥದೊಂದು ನಿಯಮ ಕಡತ ಬರೆಯುವವರಿಗೆ ಬೇಕಾದದ್ದು ಸಾಧಾರಣ ಗಣಕ, ಅಂತರಜಾಲ ಸಂಪರ್ಕ, ಜಾವಾಸ್ಕ್ರಿಪ್ಟ್‌ನ ಪ್ರಾಥಮಿಕ ಜ್ಞಾನ. ಜೊತೆಗೆ ಆ ಲಿಪಿಯನ್ನು ಓದಬಲ್ಲ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, ಒಂದೊಂದು ಒತ್ತಕ್ಷರವನ್ನೂ ಕೇಳಿ ತಿಳಿದು, ಪರೀಕ್ಷಾ ಕಡತಕ್ಕೆ ಸಾಲು ಸಾಲಾಗಿ ಸೇರಿಸುವ ತಾಳ್ಮೆ. ಮೊದಲ ಸಾಲಿಗೆ ಊರಿನ ಹೆಸರೇ ಸಾಕು.